ವೇಲ್ಸಿನ ಒಂದು ರಾಕ್ ಧ್ವನಿಮುದ್ರಿಕೆ ಮತ್ತು ನಾವು

ರಾಕ್ ಸಂಗೀತದ ವಿಷಯ ಈ ಪುಟದಲ್ಲಿ ಬರುವುದು ರೂಢಿಯಲ್ಲ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಶಾಲೆಗೆ ನೇಮಿಸಿದ ಸುದ್ದಿ, ಮಲಯಾಳದಲ್ಲೇ ಅಚ್ಚಾಗಿ ಬರುವ ಅರ್ಜಿ ನಮೂನೆ, ಒಂದನೇ ತರಗತಿಗೆ ಸೇರುವ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುವ ಸಂಕಟ, ಇವೇ ಇಲ್ಲಿ ಚರ್ಚೆಗೆ ಬರುವ ಸಂಗತಿಗಳು. ನಾವೂ ಇವುಗಳ ಬಗ್ಗೆ ಬರೆದದ್ದುಂಟು, ಇನ್ನೂ ಬರೆಯಲಿಕ್ಕೂ ಉಂಟು. ಆದರೆ ಈ ಸಲ ವಾಚಕರು ಒಂದಿಷ್ಟು ತಾಳ್ಮೆ ತಂದುಕೊಂಡು ಕೇಳಬೇಕು. 1998ರಲ್ಲಿ ಬ್ರಿಟನ್ನಿನ ವೇಲ್ಸ್ ಎಂಬ ಚಿಕ್ಕ ನಾಡಿನಿಂದ ಒಂದು ಧ್ವನಿಮುದ್ರಿಕೆ ಹೊರಬಂತು. ಅದರ ಹೆಸರು 'ಇಂಟರ್‌ನ್ಯಾಷನಲ್ ವೆಲ್ವೆಟ್'. ಹಾಡಿದ ತಂಡದ ಹೆಸರು ಕ್ಯಾಟಟೋನಿಯಾ. ಗಿಟಾರು, ಡ್ರಮ್ಮು, ಒಂದು ಹೆಣ್ಣುದನಿ. ಆ ಕಾಲದಲ್ಲಿ 'ಆಲ್ಟರ್ನೇಟಿವ್ ರಾಕ್' ಎಂದು ಕರೆಯುತ್ತಿದ್ದ ಪಂಗಡಕ್ಕೆ ಸೇರಿದ್ದು. ಅಂದರೆ ದೊಡ್ಡ ಕಂಪೆನಿಗಳ ನಯಗಾರಿಕೆಗೆ ಒಗ್ಗದೆ, ಸ್ವಲ್ಪ ಒರಟಾಗಿ, ತಮ್ಮ ಪಾಡಿಗೆ ತಾವು ಹಾಡುವವರ ಸಂಗೀತ ಎಂದು ಸ್ಥೂಲವಾಗಿ ತಿಳಿದುಕೊಂಡರೆ ಸಾಕು.

ಇದು ಹೊರಬಂದಾಗ ನಮ್ಮ ಕಡೆ ಯಾರಿಗೂ ಗೊತ್ತಾಗಿರಲಾರದು. ಆಗ ನಮ್ಮ ಬಸ್ಸುಗಳಲ್ಲಿ ಜೇಸುದಾಸರು ಹಾಡುತ್ತಿದ್ದರು, ಮದುವೆ ಮನೆಗಳಲ್ಲಿ ಹಂಸಲೇಖರ ಕ್ಯಾಸೆಟ್ಟು ತಿರುಗುತ್ತಿತ್ತು. ನಾವು ಇದನ್ನು ಕೇಳಿದ್ದು ಎಷ್ಟೋ ವರ್ಷಗಳ ಮೇಲೆ, ಮಕ್ಕಳ ಕೈಯ ಮೊಬೈಲಿನಿಂದ. ಕೇಳಿದ ಮೇಲೆ ಒಂದು ವಾರ ಅದರ ಗುಂಗು ಬಿಡಲಿಲ್ಲ. ಉತ್ತರಪತ್ರಿಕೆ ತಿದ್ದುವಾಗಲೂ ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿತ್ತು ಎಂದರೆ ನಗುವವರು ನಗಲಿ. ಇದು ಯಾಕೆ ಹೀಗೆ ಅಂಟಿಕೊಂಡಿತು ಎಂದು ಯೋಚಿಸಿದಾಗ ಆ ತಂಡದ ಪೂರ್ವೋತ್ತರ ತಿಳಿಯುವ ಮನಸ್ಸಾಯಿತು. ತಿಳಿದಷ್ಟೂ ಇದು ಬರೇ ಮೋಜಿನ ಹಾಡುಗಳ ವಿಷಯವಲ್ಲ, ನಮ್ಮಂಥವರು ಕಿವಿಗೊಡಬೇಕಾದ ವಿಷಯ ಎಂದು ಕಂಡುಬಂತು.

ವೇಲ್ಸ್ ದೇಶದಲ್ಲಿ ಎರಡು ಭಾಷೆ. ಒಂದು ಇಂಗ್ಲಿಷ್, ಇನ್ನೊಂದು ಅಲ್ಲಿಯದೇ ಆದ ವೆಲ್ಷ್. ಅವರ ಬಾಯಲ್ಲಿ ಅದು 'ಕುಮ್ರಾಯ್ಗ್'. ಇಂಗ್ಲಿಷಿಗೂ ಅದಕ್ಕೂ ದೂರದ ಸಂಬಂಧ ಮಾತ್ರ, ಒಂದು ಬಲ್ಲವರಿಗೆ ಇನ್ನೊಂದು ಅರ್ಥವಾಗದು. 1901ರ ಜನಗಣತಿಯಲ್ಲಿ ಆ ನಾಡಿನ ಹೆಚ್ಚುಕಡಿಮೆ ಅರ್ಧದಷ್ಟು ಜನ ವೆಲ್ಷ್ ಬಲ್ಲವರಾಗಿದ್ದರು. 1991ಕ್ಕಾಗುವಾಗ ಅದು ನೂರಕ್ಕೆ 19ಕ್ಕಿಂತಲೂ ಕೆಳಗೆ ಇಳಿದಿತ್ತು, ಒಟ್ಟು ಸುಮಾರು 5 ಲಕ್ಷ ಜನ. ತಮ್ಮ ಸ್ವಂತ ನೆಲದಲ್ಲೇ ಐದರಲ್ಲಿ ಒಬ್ಬ ಮಾತ್ರ ತಮ್ಮ ಭಾಷೆಯವನು! ಪಕ್ಕದಲ್ಲಿ ತಮ್ಮ ಭಾಷೆಯದೇ ಒಂದು ದೊಡ್ಡ ರಾಜ್ಯವಿದೆ, ಕಷ್ಟಕ್ಕೆ ಅತ್ತ ನೋಡಬಹುದು ಎಂಬ ಸಮಾಧಾನವೂ ಅವರಿಗಿಲ್ಲ. ಈ ಒಂದು ವಿಷಯದಲ್ಲಿ ಅವರಿಗಿಂತ ನಾವು ಭಾಗ್ಯವಂತರು. ಆದ್ದರಿಂದ ಅವರ ಕಥೆ ನಮ್ಮದೇ ಕಥೆ ಎಂದು ಹೇಳಲು ನಾವು ಹೊರಟಿಲ್ಲ.

ಕ್ಯಾಟಟೋನಿಯಾ ಹುಟ್ಟಿದ್ದು 1992ರಲ್ಲಿ, ರಾಜಧಾನಿ ಕಾರ್ಡಿಫ್‌ನಲ್ಲಿ. ಹಾಡುಗಾರ್ತಿ ಕೆರಿಸ್ ಮ್ಯಾಥ್ಯೂಸ್. ಗಿಟಾರಿನ ಮಾರ್ಕ್ ರಾಬರ್ಟ್ಸ್ ಮತ್ತು ಬೇಸ್ ನುಡಿಸುವ ಪಾಲ್ ಜೋನ್ಸ್ ಇದಕ್ಕೆ ಮೊದಲು 'ಅ ಕಿರ್ಫ್' ಎಂಬ ತಂಡದಲ್ಲಿದ್ದವರು. ಅದು ಉತ್ತರ ವೇಲ್ಸಿನ ಲಾನ್‌ರೂಸ್ಟ್ ಎಂಬ ಸಣ್ಣ ಪೇಟೆಯ ಹುಡುಗರು 1980ರ ದಶಕದಲ್ಲಿ ಕಟ್ಟಿದ ತಂಡ, ಹಾಡುತ್ತಿದ್ದದ್ದು ವೆಲ್ಷ್ ಭಾಷೆಯಲ್ಲಿ. ಅವರ ಒಂದು ಹಾಡಿನ ಹೆಸರನ್ನು ಕನ್ನಡಕ್ಕೆ ತಂದರೆ 'ವೇಲ್ಸ್, ಇಂಗ್ಲೆಂಡ್ ಮತ್ತು ಲಾನ್‌ರೂಸ್ಟ್' ಎಂದಾಗುತ್ತದೆ. ಎರಡು ದೇಶಗಳ ಸಾಲಿನಲ್ಲಿ ತಮ್ಮ ಪೇಟೆಯನ್ನೂ ಮೂರನೆಯ ದೇಶವಾಗಿ ನಿಲ್ಲಿಸಿದ ಆ ಹುಡುಗರ ಠೀವಿ ನಮಗೆ ಬಹಳ ಹಿಡಿಸಿತು. ಕೇರಳ, ಕರ್ನಾಟಕ ಮತ್ತು ಪೆರ್ಲ ಎಂದು ಯಾರಾದರೂ ಒಂದು ಹಾಡು ಕಟ್ಟಿದರೆ ಹೇಗಿದ್ದೀತು! ಕ್ಯಾಟಟೋನಿಯಾದ ಮೊದಮೊದಲ ಕಿರು ಮುದ್ರಿಕೆಗಳು ಬಂದದ್ದು 'ಕ್ರಾಯ್' ಎಂಬ ಹೆಸರಿನಲ್ಲಿ. ಅದು 'ಸಾಯ್ನ್' ಎಂಬ ವೆಲ್ಷ್ ಸಂಸ್ಥೆಯ ಅಂಗ. ಆ ಸಂಸ್ಥೆಯನ್ನು 1969ರಲ್ಲಿ ಕಟ್ಟಿದವರಲ್ಲಿ ಡಾವಿಡ್ ಇವಾನ್, ಹ್ಯೂ ಜೋನ್ಸ್ ಎಂಬ ಹಾಡುಗಾರರೇ ಇದ್ದರು. ಆ ಮೇಲೆ ತಂಡ ಹೆಚ್ಚಾಗಿ ಇಂಗ್ಲಿಷಿಗೆ ಹೊರಳಿತು, ದೊಡ್ಡ ಕಂಪೆನಿಯ ಕೈಗೆ ಬಂತು. 1996ರಲ್ಲಿ ಮೊದಲ ದೊಡ್ಡ ಮುದ್ರಿಕೆ, 1998ರ ಫೆಬ್ರವರಿಯಲ್ಲಿ ಈ ಎರಡನೆಯದು.

ಎರಡನೆಯದು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇ ಏರಿತು. ಅದರೊಳಗಿನ 'ಮಲ್ಡರ್ ಅಂಡ್ ಸ್ಕಲ್ಲಿ' ಎಂಬ ಹಾಡು ಬಿಡಿಯಾಗಿ 3ನೆಯ ಸ್ಥಾನಕ್ಕೂ 'ರೋಡ್ ರೇಜ್' 5ನೆಯ ಸ್ಥಾನಕ್ಕೂ ಹೋದವು. ಒಟ್ಟು 12 ಹಾಡು.

ಈಗ ಹಾಡುಗಳ ವಿಷಯಕ್ಕೆ ಬರೋಣ. ಯಕ್ಷಗಾನ ನೋಡಿ ಬೆಳೆದ ನಮ್ಮವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಒಳ್ಳೆಯ ಭಾಗವತರು ಪದ್ಯದ ಎತ್ತುಗಡೆಯಲ್ಲೇ ಪ್ರೇಕ್ಷಕನ ಕಿವಿ ಹಿಡಿದುಬಿಡುತ್ತಾರೆ. ಇನ್ನೇನು ಬರುತ್ತದೆ ಎಂಬ ಆಸೆ ಹುಟ್ಟಿಸಿ, ಒಂದಿಷ್ಟು ತಡೆದು, ಆಮೇಲೆ ಚೆಂಡೆಯೊಂದಿಗೆ ಕೊಡುತ್ತಾರೆ. 'ಮಲ್ಡರ್ ಅಂಡ್ ಸ್ಕಲ್ಲಿ'ಯಲ್ಲಿ ಇರುವುದೂ ಇದೇ ಉಪಾಯ. ಆಗ ಟೆಲಿವಿಷನ್ನಿನಲ್ಲಿ ಬರುತ್ತಿದ್ದ ಒಂದು ಅಮೆರಿಕನ್ ಧಾರಾವಾಹಿಯಲ್ಲಿ ವಿಚಿತ್ರ ಘಟನೆಗಳನ್ನು ಶೋಧಿಸುವ ಇಬ್ಬರು ಪತ್ತೇದಾರರ ಹೆಸರು ಅವು. ಪ್ರೇಮದಲ್ಲಿ ಸಿಕ್ಕಿಕೊಂಡ ಹೆಣ್ಣೊಬ್ಬಳು ತನಗೆ ಆಗುತ್ತಿರುವುದು ಮನುಷ್ಯರಿಗೆ ಅರ್ಥವಾಗುವ ಸಂಗತಿಯಲ್ಲ, ಆ ಇಬ್ಬರನ್ನೇ ಕರೆಸಬೇಕು ಎಂಬ ಧಾಟಿಯಲ್ಲಿ ಹಾಡುತ್ತಾಳೆ. ಎಂಥ ಸರಳವಾದ ತಮಾಷೆ! ಚರಣದಲ್ಲಿ ದನಿ ಅದುಮಿಟ್ಟುಕೊಂಡು ಮಾತಿನಂತೆ ಸಾಗುತ್ತದೆ, ಪಲ್ಲವಿಗೆ ಬಂದ ಕೂಡಲೇ ಬಾಗಿಲು ಒದ್ದು ತೆರೆದ ಹಾಗೆ. ಒಮ್ಮೆ ಕೇಳಿದವನು ಎರಡನೆಯ ಸಲ ಜೊತೆಗೆ ಹಾಡಬಲ್ಲ. ಹಾಡಿನಿಂದ ಇದಕ್ಕಿಂತ ದೊಡ್ಡ ಸೌಜನ್ಯವನ್ನು ಅಪೇಕ್ಷಿಸಬೇಕಾಗಿಲ್ಲ ಎಂಬುದು ನಮ್ಮ ಮತ.

'ರೋಡ್ ರೇಜ್' ಇದಕ್ಕಿಂತ ನಿಧಾನ, ಆದರೆ ಪಲ್ಲವಿಯ ತೂಗಾಟ ಹೆಚ್ಚು. 'ಸ್ಟ್ರೇಂಜ್ ಗ್ಲೂ' ವಿಳಂಬದ ಹಾಡು, ಇಬ್ಬರನ್ನು ಬಿಡಿಸಲಾಗದಂತೆ ಅಂಟಿಸಿಟ್ಟ ಅದೆಂಥದೋ ಗೋಂದಿನ ವಿಷಯ. 'ಗೋಲ್ಡ್‌ಫಿಶ್ ಅಂಡ್ ಪ್ಯಾರಾಸಿಟಮಾಲ್' ಎಂಬ ಹೆಸರು ಕೇಳಿಯೇ ನಮ್ಮ ಮಕ್ಕಳು ನಕ್ಕರು. ಜ್ವರದ ಮಾತ್ರೆಗೂ ಹಾಡಿನಲ್ಲಿ ಜಾಗವುಂಟೇ ಎಂದು ಅವರ ಪ್ರಶ್ನೆ. ಯಾಕಿರಬಾರದು? ನಮ್ಮ ಕವಿಗೋಷ್ಠಿಗಳಲ್ಲಿ ಕೇಳುವ ಚಂದ್ರ, ತಾವರೆ, ಕೋಗಿಲೆಗಳಿಗಿಂತ ಆ ಮಾತ್ರೆ ನಮ್ಮ ದಿನನಿತ್ಯಕ್ಕೆ ಹೆಚ್ಚು ಹತ್ತಿರ. ಉಳಿದ ಕೆಲವು ಹಾಡುಗಳು ಸಾಧಾರಣ. ಎರಡು ಮೂರನ್ನು ಬಿಟ್ಟಿದ್ದರೂ ನಷ್ಟವಿರಲಿಲ್ಲ. ಸಾಹಿತ್ಯದಲ್ಲಿ ಅಲ್ಲಲ್ಲಿ ಗಂಡುಹೆಣ್ಣಿನ ವಿಚಾರ ಬಿಚ್ಚುಮಾತಿನಲ್ಲಿ ಬರುತ್ತದೆ, ತರಗತಿಯಲ್ಲಿ ಹಾಕಿ ಕೇಳಿಸುವಂಥದ್ದಲ್ಲ ಎಂಬುದನ್ನೂ ಹೆತ್ತವರಿಗೆ ಮೊದಲೇ ತಿಳಿಸುತ್ತೇವೆ.

ಆದರೆ ಈ ಮುದ್ರಿಕೆಯ ನಿಜವಾದ ಆಕರ್ಷಣೆ ರಾಗದಲ್ಲೂ ಅಲ್ಲ, ತಮಾಷೆಯಲ್ಲೂ ಅಲ್ಲ. ಅದು ಕೆರಿಸ್ ಮ್ಯಾಥ್ಯೂಸ್ ಅವರ ನಾಲಿಗೆಯಲ್ಲಿದೆ. ಅವರು ಹಾಡುವುದು ಇಂಗ್ಲಿಷಿನಲ್ಲಿ. ಆದರೆ ಲಂಡನ್ನಿನವರು 'ರ'ಕಾರವನ್ನು ನುಂಗಿ ಉಚ್ಚರಿಸುವಲ್ಲಿ ಇವರು ಅದನ್ನು ಉರುಳಿಸುತ್ತಾರೆ. ನಾವು 'ರಥ' ಎನ್ನುವಾಗಿನ 'ರ'ವನ್ನು ಇನ್ನೂ ಒತ್ತಿ, ಎಳೆದು ಹೇಳಿದ ಹಾಗೆ. ವೆಲ್ಷ್ ಭಾಷೆಯ 'ರ' ಅದು. 'ರೋಡ್ ರೇಜ್' ಎಂಬ ಎರಡು ಶಬ್ದಗಳೂ 'ರ'ದಿಂದಲೇ ಹೊರಡುವಂಥವು. ಅದನ್ನು ಅವರು ಹೇಳುವಾಗ ಈ ಹೆಣ್ಣು ಎಲ್ಲಿಯವಳು ಎಂದು ಯಾರೂ ಕೇಳಬೇಕಾಗಿಲ್ಲ. ದನಿಯೂ ಹಾಗೆಯೇ. ಒಂದು ಕ್ಷಣ ಮಗುವಿನದಂತೆ ಪಿಸುಗುಟ್ಟಿ, ಮರುಕ್ಷಣ ಗಂಟಲು ಹರಿದಂತೆ ಒರಟಾಗುತ್ತದೆ. ತಿದ್ದಿತೀಡಿ ನಯಗೊಳಿಸುವ ಪ್ರಯತ್ನವೇ ಇಲ್ಲ.

ಇದರ ಮಹತ್ವ ನಮ್ಮ ಕಾಸರಗೋಡಿನವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯುವುದು ಕಷ್ಟ. ನಮ್ಮ ಹುಡುಗ ತಿರುವನಂತಪುರಕ್ಕೆ ಹೋಗಿ ಮಲಯಾಳ ಮಾತಾಡಿದರೆ ಅಲ್ಲಿಯವರು ನಗುತ್ತಾರೆ. ಬೆಂಗಳೂರಿಗೆ ಹೋಗಿ ಕನ್ನಡ ಮಾತಾಡಿದರೆ ಅಲ್ಲಿಯವರೂ ನಗುತ್ತಾರೆ. 'ಎಂತ', 'ಉಂಟು', 'ಮಾರಾಯ', 'ಹೋಗಿಯಾಯ್ತು' ಎಂಬ ಒಂದೊಂದು ಮಾತಿಗೂ ಅಲ್ಲಿ ಒಂದು ಅಣಕ. ಸಿನಿಮಾದ ಹಾಸ್ಯಪಾತ್ರಗಳು ಕಲಿಸಿಕೊಟ್ಟ ಅಣಕ ಅದು. ಆ ಹುಡುಗ ಆರು ತಿಂಗಳಲ್ಲಿ ನಾಲಿಗೆ ತಿರುಚಿಕೊಂಡು ಬರುತ್ತಾನೆ. ರಜೆಯಲ್ಲಿ ಊರಿಗೆ ಬಂದಾಗ ಅಜ್ಜಿಯೊಡನೆ 'ಏನಜ್ಜಿ, ಚೆನ್ನಾಗಿದೀಯಾ' ಎನ್ನುತ್ತಾನೆ. ಅಜ್ಜಿಗೆ ಮೊಮ್ಮಗ ಯಾವುದೋ ನಾಟಕದ ಮಾತು ಹೇಳುತ್ತಿದ್ದಾನೆ ಎಂದು ಅನುಮಾನ. ನಾವು ಇದನ್ನು ನಗೆಯಾಡಿ ಬಿಡುತ್ತೇವೆ. ಆದರೆ ತನ್ನ ಊರಿನ ನಾಲಿಗೆ ಕೀಳು ಎಂದು ಒಮ್ಮೆ ಮನಸ್ಸಿಗೆ ಹೊಕ್ಕವನು ತನ್ನ ಮಗುವನ್ನು ಆ ಊರಿನ ಶಾಲೆಗೆ ಸೇರಿಸುವನೇ? ಶಾಲೆ ಬಡವಾಗುವುದು ಸರಕಾರದ ಆಜ್ಞೆಯಿಂದ ಮಾತ್ರ ಅಲ್ಲ. ಈ ನಾಚಿಕೆಯಿಂದಲೂ ಹೌದು.

ವೇಲ್ಸಿನವರಿಗೂ ಇಂಥ ನಾಚಿಕೆಯನ್ನು ಬಹಳ ಕಾಲ ಕಲಿಸಲಾಗಿತ್ತು. 19ನೆಯ ಶತಮಾನದಲ್ಲಿ ಅಲ್ಲಿಯ ಕೆಲವು ಶಾಲೆಗಳಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಒಂದು ಮರದ ತುಂಡು ಕಟ್ಟುವ ಪದ್ಧತಿ ಇತ್ತು. 1847ರಲ್ಲಿ ಇಂಗ್ಲಿಷ್ ಅಧಿಕಾರಿಗಳು ಒಪ್ಪಿಸಿದ ಶಿಕ್ಷಣ ವರದಿ ಆ ಜನರ ಅಜ್ಞಾನಕ್ಕೂ ಅನೀತಿಗೂ ಅವರ ಭಾಷೆಯೇ ಒಂದು ಕಾರಣ ಎಂಬರ್ಥದಲ್ಲಿ ಬರೆಯಿತು. ಇದಾಗಿ ನೂರೈವತ್ತು ವರ್ಷದ ಮೇಲೆ ಆ ಭಾಷೆಯ 'ರ'ಕಾರ ಲಂಡನ್ನಿನ ರೇಡಿಯೋದಲ್ಲಿ ಉರುಳತೊಡಗಿತು, ಇಂಗ್ಲಿಷ್ ಮಕ್ಕಳು ಅದನ್ನು ಅನುಕರಿಸಿ ಹಾಡತೊಡಗಿದರು. ಸೇಡು ತೀರಿಸಿಕೊಳ್ಳುವುದಕ್ಕೆ ಇದಕ್ಕಿಂತ ಸಭ್ಯವಾದ ರೀತಿ ನಮಗೆ ತೋಚುವುದಿಲ್ಲ.

ಇನ್ನು ಮುದ್ರಿಕೆಯ ಹೆಸರನ್ನೇ ಹೊತ್ತ ಏಳನೆಯ ಹಾಡು. ಇದರ ಕಟ್ಟಡವನ್ನು ವಾಚಕರು ಗಮನಿಸಬೇಕು. ಪಲ್ಲವಿ ಇಂಗ್ಲಿಷಿನಲ್ಲಿದೆ. ವೇಲ್ಸಿನವನಾಗಿ ಹುಟ್ಟಿದ್ದಕ್ಕೆ ದೇವರಿಗೆ ಕೃತಜ್ಞತೆ ಸಲ್ಲಿಸುವ ಮಾತು, ಸಾವಿರ ಜನ ಒಟ್ಟಿಗೆ ಕೂಗಲು ಹೇಳಿ ಮಾಡಿಸಿದಂಥದ್ದು. ಚರಣಗಳು ಮಾತ್ರ ವೆಲ್ಷ್ ಭಾಷೆಯಲ್ಲಿವೆ. ಅವು ಅಷ್ಟು ಸಿಹಿಯಲ್ಲ. ನಿದ್ದೆಗಣ್ಣಿನ ನಾಡನ್ನು ಎಬ್ಬಿಸುವ ನೆವದಲ್ಲಿ ಅವು ಕುಟುಕುತ್ತವೆ. ಹಾಡಿನ ನಾಡು ಎಂಬ ಹಳೆಯ ಬಿರುದನ್ನೂ ಗೇಲಿ ಮಾಡದೆ ಬಿಡುವುದಿಲ್ಲ. ಅಂದರೆ ಇಂಗ್ಲಿಷಿನಲ್ಲಿ ಎದೆ ತಟ್ಟಿಕೊಳ್ಳುವುದು, ವೆಲ್ಷಿನಲ್ಲಿ ತಮ್ಮವರ ಕಿವಿ ಹಿಂಡುವುದು. ವೇಲ್ಸಿನ ಜನಗಣತಿಯೇ ಹಾಡಿನ ರೂಪ ತಾಳಿ ಬಂದಂತಿದೆ ಎಂದು ನಮಗೆ ಅನಿಸಿತು. ಪಲ್ಲವಿ ಆ ಐದರಲ್ಲಿ ನಾಲ್ವರಿಗೆ, ಚರಣ ಉಳಿದ ಒಬ್ಬನಿಗೆ. ರಗ್ಬಿ ಪಂದ್ಯಗಳ ಜನಸಂದಣಿಯಲ್ಲೂ ಈ ಪಲ್ಲವಿ ಕೇಳಿಬಂತು. ಕೂಗಿದವರಲ್ಲಿ ಬಹುಮಂದಿಗೆ ಚರಣದ ಅರ್ಥ ತಿಳಿದಿರಲಿಕ್ಕಿಲ್ಲ. ಆದರೆ ಇದು ಏನೆಂದು ಕೇಳಿ ತಿಳಿದುಕೊಳ್ಳಬೇಕು ಎಂಬ ಹಂಬಲ ಅವರಲ್ಲಿ ಕೆಲವರಿಗಾದರೂ ಬಂದಿರಬೇಕಲ್ಲ? ನಮ್ಮ ಹಳೆಯ ಬಣ್ಣದ ಭಾಷಣಗಳಿಂದ ಯಾವ ಮಲಯಾಳಿ ನೆರೆಯವನಿಗಾದರೂ ಅಂಥ ಹಂಬಲ ಬಂದದ್ದುಂಟೇ?

ಕಾಲವೂ ಕೂಡಿಬಂತು ಎನ್ನಬೇಕು. 1979ರಲ್ಲಿ ವೇಲ್ಸಿಗೆ ಪ್ರತ್ಯೇಕ ಶಾಸನಸಭೆ ಬೇಕೇ ಎಂದು ಜನಮತ ಕೇಳಿದಾಗ ಐದರಲ್ಲಿ ನಾಲ್ಕು ಪಾಲು ಬೇಡವೆಂದಿತ್ತು. 1997ರ ಸೆಪ್ಟೆಂಬರಿನಲ್ಲಿ ಪುನಃ ಕೇಳಿದಾಗ ನೂರಕ್ಕೆ 50.3 ಮತ ಬೇಕೆಂದಿತು, ಅಂತರ 7 ಸಾವಿರ ಮತಕ್ಕೂ ಕಡಿಮೆ. ಅದಾಗಿ ಐದು ತಿಂಗಳಿಗೆ ಈ ಧ್ವನಿಮುದ್ರಿಕೆ. ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್, ಸ್ಟೀರಿಯೊಫೋನಿಕ್ಸ್, ಸೂಪರ್ ಫರಿ ಅನಿಮಲ್ಸ್ ಎಂಬ ವೇಲ್ಸಿನ ಬೇರೆ ತಂಡಗಳೂ ಅದೇ ಸುಮಾರಿಗೆ ಮೇಲೆದ್ದವು. ಪತ್ರಿಕೆಗಳು ಇದಕ್ಕೆ ಒಂದು ಚಂದದ ಹೆಸರನ್ನೂ ಕೊಟ್ಟವು. ಹಾಗೆ ಹೆಸರು ಕೊಟ್ಟ ಪತ್ರಿಕೆಗಳೇ ಮುಂದೆ ಅದನ್ನು ಮರೆತವು, ಅದು ಬೇರೆ ಮಾತು.

ಈಗ ಆಕ್ಷೇಪ. ವೆಲ್ಷಿನಲ್ಲಿ ಹಾಡುತ್ತಿದ್ದವರು ಇಂಗ್ಲಿಷಿಗೆ ಹೋದದ್ದು ದ್ರೋಹವಲ್ಲವೆ ಎಂದು ಅಲ್ಲಿಯೇ ಕೆಲವರು ಗುಡುಗಿದ್ದರು. ನಮ್ಮ ವಾಚಕರಲ್ಲೂ ಹೀಗೆ ಕೇಳುವವರು ಇದ್ದಾರೆ. ಸಿಟ್ಟು ಅನ್ಯಾಯವಾದದ್ದಲ್ಲ. ಒಂದು ಸಣ್ಣ ಭಾಷೆ ಹತ್ತು ವರ್ಷ ಸಾಕಿ ಬೆಳೆಸಿದ ಹುಡುಗರನ್ನು ದೊಡ್ಡ ಭಾಷೆ ಒಂದು ಸಹಿಯಲ್ಲಿ ಕೊಂಡೊಯ್ದರೆ ಹೊಟ್ಟೆ ಉರಿಯದೆ ಇರದು. ಆದರೂ ನಾವು ಆ ಪಕ್ಷಕ್ಕೆ ಸೇರಲಾರೆವು. ಹೊಟ್ಟೆಪಾಡಿಗೆ ಮಲಯಾಳದಲ್ಲಿ ವ್ಯವಹರಿಸುವ ನಮ್ಮ ಅಂಗಡಿಯವನನ್ನು, ಗಲ್ಫಿನಲ್ಲಿ ಅರಬಿ ಕಲಿತ ನಮ್ಮ ಹುಡುಗನನ್ನು ನಾವು ದ್ರೋಹಿ ಎನ್ನುವುದಿಲ್ಲ. ಹಾಡುಗಾರನಿಗೆ ಮಾತ್ರ ಬೇರೆ ನ್ಯಾಯ ಯಾಕೆ? ಅವನು ಹೋದಲ್ಲಿ ಏನನ್ನು ಒಯ್ದ, ಬರುವಾಗ ಏನನ್ನು ತಂದ ಎಂಬುದೇ ಮುಖ್ಯ. ಸೂಪರ್ ಫರಿ ಅನಿಮಲ್ಸ್ ಇಂಗ್ಲಿಷಿನಲ್ಲಿ ಹೆಸರು ಗಳಿಸಿದ ಮೇಲೆ 2000ದಲ್ಲಿ 'ಮುಂಗ್' ಎಂಬ ಮುದ್ರಿಕೆಯನ್ನು ಪೂರ್ತಿ ವೆಲ್ಷಿನಲ್ಲೇ ಮಾಡಿ, ಸ್ವಂತ ಸಂಸ್ಥೆಯಿಂದ ಹೊರಡಿಸಿದರು. ಅದು ಬ್ರಿಟನ್ನಿನ ಪಟ್ಟಿಯಲ್ಲಿ 11ನೆಯ ಸ್ಥಾನಕ್ಕೆ ಏರಿತು. ಇಂಗ್ಲಿಷಿನಲ್ಲಿ ಸಂಪಾದಿಸಿದ ಹೆಸರನ್ನು ವೆಲ್ಷಿಗೆ ಖರ್ಚು ಮಾಡಿದರು ಎನ್ನೋಣ.

ಇಷ್ಟು ಬರೆದು ನಿಲ್ಲಿಸಿದರೆ ಹಾಡೊಂದು ಭಾಷೆಯನ್ನು ಎತ್ತಿಹಿಡಿದೀತು ಎಂಬ ತಪ್ಪು ತಿಳುವಳಿಕೆ ಉಂಟಾದೀತು. ಕೂಡದು. ಆ ಹಾಡಿನ ಹಿಂದೆ ಏನೇನಿತ್ತು ಎಂಬುದನ್ನೂ ಹೇಳಬೇಕು.

ದಕ್ಷಿಣ ವೇಲ್ಸಿನ ಲಾನ್‌ಗೆನೆಖ್ ಎಂಬ ಹಳ್ಳಿಯಲ್ಲಿ ಐಲೀನ್ ಬೀಸ್ಲಿ, ಟ್ರೆವೊರ್ ಬೀಸ್ಲಿ ಎಂಬ ದಂಪತಿ ಇದ್ದರು. ಗಂಡ ಕಲ್ಲಿದ್ದಲ ಗಣಿಯ ಕೆಲಸಗಾರ, ಹೆಂಡತಿ ಅಧ್ಯಾಪಿಕೆಯಾಗಿದ್ದವರು. 1952ರಲ್ಲಿ ಅವರು ಮನೆ ತೆರಿಗೆಯ ನೋಟೀಸು ವೆಲ್ಷ್ ಭಾಷೆಯಲ್ಲಿ ಬಾರದೆ ತೆರಿಗೆ ಕಟ್ಟುವುದಿಲ್ಲ ಎಂದು ಕೂತರು. ಸ್ಥಳೀಯ ಆಡಳಿತ ಒಪ್ಪಲಿಲ್ಲ. ಹತ್ತಕ್ಕೂ ಹೆಚ್ಚು ಸಲ ಕೋರ್ಟಿಗೆ ಎಳೆದರು. ಜಫ್ತಿಯವರು ಮನೆಗೆ ನುಗ್ಗಿ ಸಾಮಾನು ಹೊತ್ತುಕೊಂಡು ಹೋದರು. ಮನೆಯ ಪಿಯಾನೊ ಕೂಡ ಹೋಯಿತು. ಚಿಕ್ಕ ಮಕ್ಕಳಿದ್ದ ಮನೆ. ಎಂಟು ವರ್ಷದ ಮೇಲೆ, 1960ರಲ್ಲಿ, ಎರಡೂ ಭಾಷೆಯಲ್ಲಿ ಅಚ್ಚು ಹಾಕಿಸಿದ ಒಂದು ನೋಟೀಸು ಆ ಮನೆಗೆ ಬಂತು. ಒಂದು ಕಾಗದದ ತುಂಡು! ಅರ್ಜಿ ನಮೂನೆಗಾಗಿ ತಾಲೂಕು ಕಚೇರಿಯ ಮೆಟ್ಟಿಲು ಹತ್ತಿ ಇಳಿದ ನಮ್ಮವರಿಗೆ ಆ ಕಾಗದದ ಬೆಲೆ ಗೊತ್ತು. ಆ ಕಾಲದಲ್ಲಿ ಅಕ್ಕಪಕ್ಕದವರು ಇವರನ್ನು ಹುಚ್ಚರೆಂದೇ ಎಣಿಸಿರಬೇಕು. ನಮ್ಮಲ್ಲಿಯೂ ಹಾಗೆ ಎಣಿಸುತ್ತಿದ್ದರು.

ಈ ಬೀಸ್ಲಿ ದಂಪತಿಯ ಉದಾಹರಣೆಯನ್ನು ಎತ್ತಿಕೊಂಡು ಸಾಂಡರ್ಸ್ ಲೂಯಿಸ್ ಎಂಬ ನಾಟಕಕಾರರು 1962ರ ಫೆಬ್ರವರಿ 13ರಂದು ರೇಡಿಯೋದಲ್ಲಿ 'ಭಾಷೆಯ ಹಣೆಬರಹ' ಎಂಬರ್ಥದ ತಲೆಬರಹವಿಟ್ಟು ಉಪನ್ಯಾಸ ಮಾಡಿದರು. ಹೀಗೇ ಹೋದರೆ 21ನೆಯ ಶತಮಾನದ ಹೊಸ್ತಿಲಿನಲ್ಲಿ ವೆಲ್ಷ್ ಭಾಷೆ ಇರಲಾರದು ಎಂದರು. ಕೇಳಿದ ಹುಡುಗರು ಅದೇ ವರ್ಷ ಭಾಷಾ ಸಂಘ ಕಟ್ಟಿದರು. ಮುಂದೆ ಇಂಗ್ಲಿಷ್ ಮಾತ್ರ ಇದ್ದ ರಸ್ತೆಫಲಕಗಳಿಗೆ ಬಣ್ಣ ಬಳಿದರು, ಜೈಲಿಗೆ ಹೋದರು. 1980ರಲ್ಲಿ ವೆಲ್ಷ್ ಟೆಲಿವಿಷನ್ ಕೊಡುತ್ತೇವೆಂದ ಸರಕಾರ ಮಾತು ತಪ್ಪಿದಾಗ ಗ್ವಿನ್‌ವರ್ ಇವಾನ್ಸ್ ಎಂಬ ಹಿರಿಯ ರಾಜಕಾರಣಿ ಅಕ್ಟೋಬರ್ 6ರಿಂದ ಆಮರಣಾಂತ ಉಪವಾಸ ಕೂರುವುದಾಗಿ ಸಾರಿದರು. ಯಾರಿಗೂ ಮಣಿಯದವರೆಂದು ಹೆಸರಾಗಿದ್ದ ಮಾರ್ಗರೆಟ್ ಥ್ಯಾಚರ್ ಅವರ ಸರಕಾರ ಸೆಪ್ಟೆಂಬರಿನಲ್ಲೇ ಮಣಿಯಿತು. 1982ರ ನವೆಂಬರ್ 1ರಂದು ವೆಲ್ಷ್ ವಾಹಿನಿ ಆರಂಭವಾಯಿತು. ನವೆಂಬರ್ 1 ಎಂದಾಗ ನಮ್ಮವರಿಗೆ ಬೇರೆಯೇ ಒಂದು ನೆನಪಾಗುತ್ತದೆ. ನಾವು ಕೇರಳಕ್ಕೆ ಸೇರಿಹೋದ 1956ರ ಆ ದಿನಾಂಕ.

ಆ ವಾಹಿನಿಯಲ್ಲಿ ಹರಿಕಥೆ, ವಾರ್ತೆಗಳಂಥವು ಮಾತ್ರ ಬಂದದ್ದಲ್ಲ. 1980ರ ದಶಕದ ಕೊನೆಗೆ 'ವಿಡಿಯೊ 9' ಎಂಬ ಕಾರ್ಯಕ್ರಮ ಹಳ್ಳಿಹಳ್ಳಿಯ ರಾಕ್ ಹುಡುಗರನ್ನು ಕ್ಯಾಮರಾದ ಮುಂದೆ ನಿಲ್ಲಿಸಿತು. ಲಂಡನ್ ರೇಡಿಯೋದ ಜಾನ್ ಪೀಲ್ ತಮಗೆ ಒಂದಕ್ಷರ ತಿಳಿಯದ ವೆಲ್ಷ್ ಹಾಡುಗಳನ್ನು ರಾತ್ರಿ ಪ್ರಸಾರದಲ್ಲಿ ಹಾಕುತ್ತಿದ್ದರು. 'ದತ್‌ಬ್ಲಗಿ' ಎಂಬ ತಂಡದ ಹಾಡುಗಾರ, ಕೆಲಕಾಲ ನಮ್ಮ ಹಾಗೆ ಅಧ್ಯಾಪಕರಾಗಿದ್ದ ಡೇವಿಡ್ ಎಡ್ವರ್ಡ್ಸ್, ವೆಲ್ಷ್ ಭಾಷೆಯ ಹೆಸರಿನಲ್ಲಿ ಕುರ್ಚಿ ಹಿಡಿದ ದೊಡ್ಡವರನ್ನು ವೆಲ್ಷ್ ಭಾಷೆಯಲ್ಲೇ ಬೈದು ಹಾಡಿದರು. ಬೈಯುವುದಕ್ಕೂ ಬಳಕೆಯಾಗುವ ಭಾಷೆ ಬದುಕಿರುವ ಭಾಷೆ ಎಂಬುದು ಅವರಿಗೆ ಗೊತ್ತಿತ್ತು. ಕ್ಯಾಟಟೋನಿಯಾದ ಸಲೀಸು ಆಕಾಶದಿಂದ ಉದುರಿದ್ದಲ್ಲ, ಇಷ್ಟೆಲ್ಲ ಆದ ಗದ್ದೆಯಲ್ಲಿ ಬೆಳೆದದ್ದು.

ನಮ್ಮಲ್ಲಿ? ನಮ್ಮಲ್ಲಿ ಹೋರಾಟ ನಡೆಯಿತು, ಸಣ್ಣದಲ್ಲ. ಕಯ್ಯಾರ ಕಿಞ್ಞಣ್ಣ ರೈಗಳಂಥವರು ನಮ್ಮ ನಡುವೆ 2015ರ ವರೆಗೆ ಇದ್ದರು. ಆದರೆ ಹೋರಾಟದ ಗದ್ದೆಯಲ್ಲಿ ಮಕ್ಕಳಿಗೆ ಬೇಕಾದ ಬೆಳೆ ತೆಗೆಯಲು ನಾವು ಮನಸ್ಸು ಮಾಡಲಿಲ್ಲ. ಕನ್ನಡದ ಕಾರ್ಯಕ್ರಮವೆಂದರೆ ಪ್ರಾರ್ಥನೆ, ಸ್ವಾಗತ, ಪ್ರಸ್ತಾವನೆ, ನಾಲ್ಕು ಭಾಷಣ, ಶಾಲು, ಹಾರ, ಹಣ್ಣಿನ ಬುಟ್ಟಿ. ಕೊನೆಗೆ ಮಕ್ಕಳು ಒಂದು ನಾಡಗೀತೆ ಹಾಡಬೇಕು, ಆ ಹೊತ್ತಿಗೆ ಅರ್ಧ ಮಕ್ಕಳಿಗೆ ನಿದ್ದೆ. ಮನೆಗೆ ಹೋದವರು ಮಲಯಾಳ ಸಿನಿಮಾದ ಹಾಡನ್ನು ಬಾಯಿತುಂಬ ಹಾಡುತ್ತಾರೆ. ತಾಯಂದಿರು ಬಂದು, 'ಸರ್, ಇವನ ಬಾಯಲ್ಲಿ ಕನ್ನಡದ ಒಂದು ಪದ್ಯ ಬರುವುದಿಲ್ಲ' ಎಂದು ದೂರುತ್ತಾರೆ. ನಾವು ಅವರಿಗೆ ಹೇಳುವುದು ಇಷ್ಟೇ: ಅಮ್ಮಾ, ಆ ಮಲಯಾಳ ಹಾಡು ಚೆನ್ನಾಗಿದೆ, ಆದ್ದರಿಂದ ಹಾಡುತ್ತಾನೆ. ಅಷ್ಟು ಚೆನ್ನಾದದ್ದನ್ನು ನಾವು ಅವನಿಗೆ ಕೊಟ್ಟಿದ್ದೇವೆಯೇ? ಬೆಂಗಳೂರಿನಿಂದ ಬರುವ ಸಿನಿಮಾ ಹಾಡಿನಲ್ಲಿ ಅವನ ಊರಿಲ್ಲ, ಅವನ ಮಾತಿಲ್ಲ. ಬೆಳಗ್ಗೆ ತುಳುವಿನಲ್ಲೋ ಹವ್ಯಕದಲ್ಲೋ ಕೊಂಕಣಿಯಲ್ಲೋ ಎದ್ದು, ಬಸ್ಸಿನಲ್ಲಿ ಮಲಯಾಳ ಕೇಳಿ, ಶಾಲೆಯಲ್ಲಿ ಕನ್ನಡ ಬರೆದು, ಫೋನಿನಲ್ಲಿ ಇಂಗ್ಲಿಷ್ ಒತ್ತುವ ಹುಡುಗನ ಹಾಡನ್ನು ಅವನಲ್ಲದೆ ಬೇರೆಯವರು ಕಟ್ಟಲಾರರು. ಅವನು ಕಟ್ಟಿದಾಗ ನಾಲ್ಕು ಭಾಷೆಯೂ ಅದರಲ್ಲಿ ಬೆರೆತೀತು. ಬೆರೆಯಲಿ. ಚರಣ ಕನ್ನಡದಲ್ಲಿದ್ದು ಪಲ್ಲವಿ ಮಲಯಾಳದಲ್ಲಿದ್ದರೆ ನಾವಂತೂ ಅಂಕ ಕಳೆಯುವುದಿಲ್ಲ.

ವೇಲ್ಸಿನ ಮುಂದಿನ ಲೆಕ್ಕವನ್ನೂ ಮುಚ್ಚಿಡುವುದು ಸರಿಯಲ್ಲ. ಕ್ಯಾಟಟೋನಿಯಾ 2001ರಲ್ಲಿ ಒಡೆಯಿತು. ಅದೇ ವರ್ಷದ ಜನಗಣತಿಯಲ್ಲಿ ವೆಲ್ಷ್ ಬಲ್ಲವರು ನೂರಕ್ಕೆ 20ನ್ನು ದಾಟಿದ್ದರು, ಎಷ್ಟೋ ದಶಕಗಳ ಇಳಿತದ ಮೇಲೆ ಮೊದಲ ಏರಿಕೆ. ಹೆಚ್ಚಿದವರಲ್ಲಿ ಬಹಳ ಮಂದಿ ಶಾಲೆಯಲ್ಲಿ ಕಲಿತ ಮಕ್ಕಳು. ಎಲ್ಲರೂ ಕುಣಿದಾಡಿದರು. 2011ರಲ್ಲಿ ಪುನಃ ನೂರಕ್ಕೆ 19ಕ್ಕೆ ಬಂತು, 2021ರಲ್ಲಿ 17.8ಕ್ಕೆ. ಒಟ್ಟು 5 ಲಕ್ಷ 38 ಸಾವಿರ. 2050ಕ್ಕೆ 10 ಲಕ್ಷ ಮುಟ್ಟಿಸುತ್ತೇವೆಂದು ಅಲ್ಲಿಯ ಸರಕಾರ 2017ರಲ್ಲಿ ಯೋಜನೆ ಹಾಕಿದೆ. ಮುಟ್ಟೀತೋ ಇಲ್ಲವೋ. ಹಾಗಿದ್ದರೂ ಸಾಯ್ನ್ ಸಂಸ್ಥೆ ಕಟ್ಟಿದ ಡಾವಿಡ್ ಇವಾನ್ 1983ರಲ್ಲಿ ಹಾಡಿದ, 'ಇನ್ನೂ ಇಲ್ಲಿಯೇ' ಎಂಬರ್ಥದ ಹೆಸರಿನ ವೆಲ್ಷ್ ಹಾಡನ್ನು 2022ರ ವಿಶ್ವಕಪ್ ಫುಟ್‌ಬಾಲಿಗೆ ವೇಲ್ಸ್ ತಂಡ ತನ್ನ ಹಾಡಾಗಿ ಆರಿಸಿಕೊಂಡಿತು. ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡುವ ಹುಡುಗರೂ ಅದನ್ನು ಬಾಯಿಪಾಠ ಮಾಡಿ ಹಾಡಿದರು.

ನಮ್ಮ ಶಾಲೆಗಳ ವಾರ್ಷಿಕೋತ್ಸವದ ಕಾಲ ಹತ್ತಿರ ಬರುತ್ತಿದೆ. ಅಧ್ಯಾಪಕ ಮಿತ್ರರಲ್ಲೂ ರಕ್ಷಕ ಶಿಕ್ಷಕ ಸಂಘದವರಲ್ಲೂ ನಮ್ಮ ಒಂದು ವಿನಂತಿ ಉಂಟು. ಒಂದು ಭಾಷಣವನ್ನು, ಬೇಕಾದರೆ ನಮ್ಮದನ್ನೇ, ಕಡಿತ ಮಾಡಿ ಆ ಕಾಲು ಗಂಟೆಯನ್ನು ಒಂಬತ್ತು ಹತ್ತನೆಯ ತರಗತಿಯ ಮಕ್ಕಳಿಗೆ ಬಿಟ್ಟುಕೊಡಿ. ತಾವೇ ಬರೆದು ತಾವೇ ರಾಗ ಹಾಕಿದ ಹಾಡು, ತಮ್ಮ ಊರಿನ ಕನ್ನಡದಲ್ಲಿ. 'ಉಂಟು' ಎಂದದ್ದನ್ನು 'ಇದೆ' ಎಂದು ಯಾರೂ ತಿದ್ದಬಾರದು. ಗಿಟಾರಿಗೆ ಎಲ್ಲಿ ಹೋಗುವುದು ಎಂದು ಕೇಳುವವರಿಗೆ ಉತ್ತರ ಸುಲಭ. ಗಲ್ಫಿನಿಂದ ಬಂದ ಮಾವನೋ ಅಣ್ಣನೋ ಆಸೆಯಿಂದ ತಂದುಕೊಟ್ಟು, ಆಮೇಲೆ ಯಾರೂ ಮುಟ್ಟದೆ ಕಪಾಟಿನ ಮೇಲೆ ಧೂಳು ತಿನ್ನುತ್ತಿರುವ ಒಂದು ಗಿಟಾರು ಪ್ರತಿ ಊರಿನಲ್ಲೂ ಇದ್ದೇ ಇದೆ. ತಂತಿ ಮಾತ್ರ ಹೊಸದು ಹಾಕಿಸಬೇಕಾದೀತು.